ಕೊಚ್ಚಿಯ ಯಹೂದಿ ಇತಿಹಾಸ: ಮಟ್ಟಂಚೇರಿ ಆದಮೇಲೆ ಎಲ್ಲಿಗೆ?

ಮಟ್ಟಂಚೇರಿಯ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿದ ಮೇಲೆ ಅರ್ಧ ದಿನ ಉಳಿಯುತ್ತದೆ, ಯಹೂದಿಗಳ ಬದುಕು ತೋರಿಸುವ ಸಣ್ಣ ಮ್ಯೂಸಿಯಂ ಬೇರೆ ಇದೆಯಾ ಅಂತ ಕೇಳಿದ್ದೀರಿ. ಇದೆ, ಖಂಡಿತ ಹೋಗಿ ಬನ್ನಿ. ಉತ್ತರಕ್ಕೆ ಪರವೂರು ಮತ್ತು ಚೇಂದಮಂಗಲಂ. ಎರಡೂ ಹಳೇ ಸಿನಗಾಗ್‌ಗಳು, ಈಗ ಮ್ಯೂಸಿಯಂ. ಅಕ್ಕಪಕ್ಕದ ಊರುಗಳು, ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಸಮಯ ಕಮ್ಮಿ ಇದ್ದರೆ ನನ್ನ ಓಟು ಚೇಂದಮಂಗಲಕ್ಕೆ. ಅಂಗಳದಲ್ಲೊಂದು ಸಮಾಧಿ ಕಲ್ಲು ನಿಂತಿದೆ. ಇಸ್ರಾಯೇಲನ ಮಗಳು ಸಾರಾ ಎಂಬಾಕೆಯದು, ಕಾಲ 1269. ಮಳೆಗೆ ಸವೆದ ಹೀಬ್ರೂ ಅಕ್ಷರಗಳನ್ನು ಬಗ್ಗಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಏಳೂವರೆ ಶತಮಾನದ ಹಿಂದಿನ ಹೆಣ್ಣುಮಗಳೊಬ್ಬಳ ಹೆಸರು ಇನ್ನೂ ಅಲ್ಲಿದೆಯಲ್ಲ! ಒಳಗೆ ಹೋದರೆ ತಲೆ ಎತ್ತಿ ಮಾಳಿಗೆ ನೋಡಿ. ಹೆಂಗಸರ ಭಾಗದ ಮುಂದೆಯೇ ತೋರಾ, ಅಂದರೆ ಯಹೂದಿಗಳ ಧರ್ಮಗ್ರಂಥ, ಓದಲು ಇನ್ನೊಂದು ವೇದಿಕೆ ಇದೆ. ಇದು ಕೇರಳದ ಸಿನಗಾಗ್‌ಗಳದೇ ವಿಶೇಷ.

ಪರವೂರಿನಲ್ಲಿ ಒಂದು ಮಾತು ನೆನಪಿರಲಿ: ತೋರಾ ಸುರುಳಿ ಇಡುತ್ತಿದ್ದ ಕೆತ್ತನೆಯ ಮರದ ಕಪಾಟಿನ ಮೂಲ ಅಲ್ಲಿಲ್ಲ, ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಇಲ್ಲಿರುವುದು ಪ್ರತಿಕೃತಿ. ಆದರೂ ಬೀದಿಯಿಂದ ಪ್ರಾರ್ಥನೆಯ ಕೋಣೆವರೆಗೆ ಹೋಗುವ ಆ ಉದ್ದನೆಯ ಕಂಬಸಾಲು ನಡೆದೇ ನೋಡಬೇಕು.

ಪರದೇಸಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಆ ದಿನ ಇಟ್ಟುಕೊಳ್ಳಬೇಡಿ.