ಪ್ರವಾಸಿಗರು ಬಂದರೆ ಬೆಟ್ಟದ ಹಳ್ಳಿ ಉದ್ಧಾರ ಆಗುತ್ತಾ?

ಪ್ರವಾಸಿಗರು ಜಾಸ್ತಿಯಾದರೆ ನಿಮ್ಮ ಬೆಟ್ಟದ ಹಳ್ಳಿ ಸುಧಾರಿಸುತ್ತಾ ಅಂತ ಕೇಳಿದ್ದೀರಿ. ಸುಧಾರಿಸುತ್ತದೆ, ಆದರೆ ದುಡ್ಡು ಊರಲ್ಲೇ ಉಳಿದರೆ ಮಾತ್ರ. ರಸ್ತೆ, ಕರೆಂಟು ಬೇಗ ಬರಬಹುದು, ನಿಜ. ಆದರೆ ಹೊರಗಿನವರು ಜಮೀನು ಕೊಂಡು ರೆಸಾರ್ಟ್ ಕಟ್ಟಿ, ಸಾಮಾನೆಲ್ಲ ಕೆಳಗಿನ ಪಟ್ಟಣದಿಂದಲೇ ತರಿಸಿದರೆ ಊರಿನವರಿಗೆ ಸಿಗುವುದು ಪಾತ್ರೆ ತೊಳೆಯುವ, ಗೇಟು ಕಾಯುವ ಕೆಲಸ, ಅದೂ ಸೀಸನ್ ಇದ್ದಷ್ಟು ದಿನ. ನನಗೆ ಇನ್ನೂ ಹೆಚ್ಚು ಭಯ ನೀರಿನದು. ಲಡಾಖ್‌ನ ಲೇಹ್‌ನಲ್ಲಿ ಹಿಂದೆ ಹಿಮ ಕರಗಿದ ನೀರೇ ಆಧಾರ, ಅಲ್ಲಿನ ಒಣ ಪಾಯಿಖಾನೆಗೆ ನೀರೇ ಬೇಕಿರಲಿಲ್ಲ. ಹೋಟೆಲ್‌ಗಳು ಬಂದ ಮೇಲೆ ಫ್ಲಶ್ಶು, ಶವರು ಅಂತ ಬೋರ್‌ವೆಲ್ ಕೊರೆಯುವುದು ಜಾಸ್ತಿಯಾಯಿತು. ದುಡ್ಡು ಊರಲ್ಲೇ ಉಳಿಸುವ ಉದಾಹರಣೆಯೂ ಇದೆ: ನೇಪಾಳದ ಅನ್ನಪೂರ್ಣ ಬೆಟ್ಟಸಾಲಿನ ಸಂರಕ್ಷಣಾ ಯೋಜನೆ 1986ರಲ್ಲಿ ಶುರುವಾಯಿತು, ಅಲ್ಲಿ ಚಾರಣಿಗರು ಕೊಡುವ ಪ್ರವೇಶ ಶುಲ್ಕ ಅಲ್ಲಿನ ಕಾಡು, ಊರುಗಳ ಕೆಲಸಕ್ಕೇ ಹೋಗುತ್ತದೆ. ದಯವಿಟ್ಟು ಜಮೀನು ಮಾರಬೇಡಿ, ಬೇಕಾದರೆ ಬಾಡಿಗೆಗೆ ಕೊಡಿ.