ಕ್ಲೈಂಟ್ ಬಗ್ಗೆ ಬರೆದ ಪೋಸ್ಟ್ ಅಳಿಸಬೇಕಾ?

ನೀವು ಇಂಟರ್ನ್ ಆಗಿರುವ ಪಿಆರ್ ಏಜೆನ್ಸಿಯ ಕ್ಲೈಂಟಿನ ಕೂದಲೆಣ್ಣೆ ಹೊಗಳಿದ್ದಕ್ಕೆ ‘ದುಡ್ಡು ತಗೊಂಡ್ರಾ?’ ಅಂತ ಜನ ಕೇಳುತ್ತಿರುವುದು, ಆ ಸಂಬಂಧ ಹೇಳದೇ ಇದ್ದದ್ದಕ್ಕೇ ಇರಬೇಕು. ಸುಮ್ನೆ ಅಳಿಸಬೇಡಿ, ಅನುಮಾನ ಜಾಸ್ತಿಯಾಗುತ್ತದೆ. ಸ್ಕ್ರೀನ್‌ಶಾಟ್ ಯಾರದ್ದೋ ಫೋನಿನಲ್ಲಿ ಇದ್ದೇ ಇರುತ್ತದೆ, ಅಲ್ವಾ?

ಮೊದಲು ಏಜೆನ್ಸಿಯಲ್ಲಿ ನಿಮ್ಮ ಮೇಲಿನವರಿಗೆ ತಿಳಿಸಿ. ಕ್ಲೈಂಟ್ ಹೆಸರು ಹೇಳಬಹುದಾ ಅನ್ನೋದು ನಿಮ್ಮ ಒಪ್ಪಂದ ನೋಡದೆ ನಾನು ಹೇಳಲಾರೆ. ಅವರು ಒಪ್ಪಿದರೆ ಮೊದಲ ಸಾಲಿನಲ್ಲೇ ಹಾಕಿ: ‘ಈ ಕಂಪನಿಯ ಪಿಆರ್ ನೋಡಿಕೊಳ್ಳುವ ಏಜೆನ್ಸಿಯಲ್ಲಿ ನಾನು ಇಂಟರ್ನ್. ಬಾಟಲಿ ಉಚಿತವಾಗಿ ಸಿಕ್ಕಿತು.’ ಕೊನೆಯ ಹ್ಯಾಶ್‌ಟ್ಯಾಗ್‌ಗಳ ಮಧ್ಯೆ ಅಡಗಿಸಬೇಡಿ. ಜಾಹೀರಾತುಗಳ ಮೇಲೆ ಕಣ್ಣಿಡುವ ಉದ್ಯಮದ ಸಂಸ್ಥೆ ಆಸ್ಕಿಯ (ASCI) 2021ರ ನಿಯಮಗಳ ಪ್ರಕಾರ ದುಡ್ಡಷ್ಟೇ ಅಲ್ಲ, ಉಚಿತ ವಸ್ತು, ಕೆಲಸದ ಸಂಬಂಧ ಎರಡನ್ನೂ ಹೇಳಲೇಬೇಕು. ಒಪ್ಪದಿದ್ದರೆ ಪೋಸ್ಟ್ ತೆಗೆದು, ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆಯಿರಿ. ಆಮೇಲೆ ಕೇಳಿದವರಿಗೆ ಅಲ್ಲೇ ನೇರವಾಗಿ ಉತ್ತರ ಕೊಡಿ.