ಶನಿವಾರ ರಾತ್ರಿಯ ಹೊಟ್ಟೆನೋವು

ವಿಚ್ಛೇದನದ ನಂತರ ಮಗುವನ್ನು ಅದರ ತಂದೆಯ ಅಥವಾ ತಾಯಿಯ ಮನೆಗೆ ಕಳುಹಿಸುವುದರಿಂದ ಅದರ ಆರೋಗ್ಯ ಕೆಡುತ್ತಿದೆ ಎಂದು ಒಂದು ಪತ್ರ ಬರೆದುಕೊಡಿ, ವಕೀಲರು ಕೇಳಿದ್ದಾರೆ ಎನ್ನುತ್ತಾ, ಮಕ್ಕಳ ಆಪ್ತಸಮಾಲೋಚನೆ ಮಾಡುವ ನನ್ನ ಬಳಿ ಬರುವ ತಂದೆ ತಾಯಿಯರು ಒಬ್ಬಿಬ್ಬರಲ್ಲ. ಅಂಥ ಪತ್ರವನ್ನು ನಾನು ಸುಲಭವಾಗಿ ಕೊಡುವುದಿಲ್ಲ ಎಂಬ ದೂರು ನನ್ನ ಮೇಲಿದೆ. ಹಾಗೆ ಕೊಡದೆ ಹೋದ ಒಂದು ಪ್ರಕರಣವನ್ನು ತಾಯಿಯ ಅನುಮತಿ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ದಂಪತಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದು ಒಂದೂವರೆ ವರ್ಷವಾಗಿತ್ತು. ಎಂಟು ವರ್ಷದ ಮಗಳು ತಾಯಿಯ ಸುಪರ್ದಿಯಲ್ಲಿದ್ದಳು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ತಂದೆಯ ಮನೆ, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಅರ್ಧ ಭಾಗ ಅಲ್ಲಿಯೇ ಎಂದು ಇಬ್ಬರೂ ಒಪ್ಪಿ ಬರೆದುಕೊಟ್ಟಿದ್ದನ್ನು ಕೌಟುಂಬಿಕ ನ್ಯಾಯಾಲಯ ಆದೇಶದಲ್ಲಿ ಸೇರಿಸಿತ್ತು. ಮದುವೆ ಏಕೆ ಮುರಿಯಿತೆಂಬುದು ಈ ಬರಹಕ್ಕೆ ಬೇಕಿಲ್ಲ. ಹೊಡೆತ ಬಡಿತವಾಗಲಿ, ಕುಡಿತವಾಗಲಿ ಇರಲಿಲ್ಲ ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ಅವು ಇದ್ದಿದ್ದರೆ ನನ್ನ ಸಲಹೆ ಬೇರೆಯದೇ ಆಗುತ್ತಿತ್ತು.

ತಾಯಿಯ ಆತಂಕ ಸುಳ್ಳಾಗಿರಲಿಲ್ಲ. ತಂದೆಯ ಮನೆಗೆ ಹೋಗಿ ಬಂದ ಪ್ರತಿ ಶನಿವಾರ ರಾತ್ರಿ ಮಗು ಹೊಟ್ಟೆ ಹಿಡಿದುಕೊಂಡು ಮಲಗುತ್ತಿತ್ತು, ಎರಡು ಸಲ ವಾಂತಿಯೂ ಆಗಿತ್ತು. ಮಕ್ಕಳ ವೈದ್ಯರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲವೆಂದು ಹೇಳಿ, ನನ್ನ ಬಳಿ ಕಳುಹಿಸಿದ್ದರು. "ಆ ಮನೆಯ ವಾತಾವರಣವೇ ಅವಳಿಗೆ ಆಗಿಬರುತ್ತಿಲ್ಲ ಮೇಡಂ, ಅವಳ ಮೈಯೇ ಹೇಳ್ತಿದೆ" ಎಂದರು ತಾಯಿ. ನಾನೂ ಮೊದಲು ಹಾಗೆಯೇ ಯೋಚಿಸಿದೆ.

ಮೂರನೆಯ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ, ಮಗುವಿನ ಜೊತೆ ನೆಲದ ಮೇಲೆ ಕುಳಿತೆ. ಅವಳು ಎರಡು ಮನೆಗಳ ಚಿತ್ರ ಬರೆದು ಬಣ್ಣ ತುಂಬುತ್ತಿದ್ದಳು. ಅಪ್ಪನ ಮನೆಯ ಒಲೆಯ ಪಕ್ಕದಲ್ಲಿ ಸಣ್ಣ ಸಣ್ಣ ವೃತ್ತಗಳನ್ನು ಒಂದರ ಮೇಲೊಂದು ಜೋಡಿಸಿದ್ದಳು. ಅದೇನೆಂದು ಕೇಳಿದೆ.

"ಅಕ್ಕಿರೊಟ್ಟಿ. ಅಜ್ಜಿ ಮಾಡಿಕೊಡ್ತಾರೆ. ನಾನು ಮೂರು ತಿಂತೀನಿ."

"ಹೊಟ್ಟೆ ತುಂಬಾ?"

"ಹೂಂ. ಆಮೇಲೆ ಮನೆಗೆ ಬಂದು ಇನ್ನೊಂದ್ಸಲ ಊಟ ಮಾಡ್ತೀನಿ."

"ಹಸಿವಾಗುತ್ತಾ?"

"ಇಲ್ಲ. ಅಮ್ಮ ಅಲ್ಲೇನಾದ್ರೂ ತಿಂದ್ಯಾ ಪುಟ್ಟಿ ಅಂತ ಕೇಳ್ತಾರೆ. ಇಲ್ಲ ಅಂತೀನಿ."

"ತಿಂದೆ ಅಂತ ಹೇಳಿದರೆ ಅಮ್ಮ ಬೈತಾರಾ?"

ಅವಳು ಬಣ್ಣ ತುಂಬುವುದನ್ನು ನಿಲ್ಲಿಸಲಿಲ್ಲ. "ಬಯ್ಯಲ್ಲ ಆಂಟಿ. ತಟ್ಟೆ ಎತ್ತಿ ಒಳಗಿಡ್ತಾರೆ. ಆಮೇಲೆ ಅವರೂ ಊಟ ಮಾಡಲ್ಲ."

ನನ್ನ ಹತ್ತೊಂಬತ್ತು ವರ್ಷಗಳ ವೃತ್ತಿಯಲ್ಲಿ ಇಷ್ಟು ಸರಳವಾದ ಕಾರಣವನ್ನು ಇಷ್ಟು ತಡವಾಗಿ ಕಂಡದ್ದು ಕಡಿಮೆ. ತನ್ನಿಂದ ಯಾರೂ ಉಪವಾಸ ಮಲಗಬಾರದೆಂದು ಎಂಟು ವರ್ಷದ ಮಗು ತಿಂಗಳಿಗೆ ಎರಡು ದಿನ ಎರಡೆರಡು ಊಟ ಮಾಡುತ್ತಿತ್ತು. ಆ ಮನೆ, ಈ ಮನೆ ಎರಡೂ ಅವಳಿಗೆ ಬೇಕಾಗಿದ್ದವು. ಆರು ಗಂಟೆಯಿಂದ ಎಂಟು ಗಂಟೆಯವರೆಗಿನ ಅವಧಿಯೊಂದೇ ಅವಳಿಗೆ ಕಷ್ಟವಾಗಿತ್ತು.

ಇದನ್ನು ತಾಯಿಗೆ ಹೇಳಲೇ ಎಂದು ಮಗುವನ್ನೇ ಕೇಳಿದೆ. "ನಾನು ಹೇಳಿದೆ ಅಂತ ಹೇಳಬೇಡಿ" ಎಂದಳು. ಹಾಗಾಗಿ ತಾಯಿಗೆ ನಾನು ಹೇಳಿದ್ದು ಇಷ್ಟೇ: ಶನಿವಾರ ಸಂಜೆ ಊಟದ ವಿಷಯವನ್ನು ಕೇಳಬೇಡಿ, ಹಸಿವಾದರೆ ಅವಳೇ ಕೇಳುತ್ತಾಳೆ, ನೀವು ಮಾತ್ರ ಅವಳ ಎದುರಿಗೆ ಕುಳಿತು ಹೊಟ್ಟೆ ತುಂಬಾ ಊಟ ಮಾಡಿ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಎರಡು ಸಲ ಊಟ ಮಾಡ್ತಿದ್ದಾಳಾ?" ಎಂದರು. ನಾನು ಉತ್ತರಿಸಲಿಲ್ಲ. ನಾನು ಸುಮ್ಮನಿದ್ದುದೇ ಅವರಿಗೆ ಉತ್ತರವಾಯಿತು. ಮಗುವಿನ ಮಾತನ್ನು ಉಳಿಸಿದೆನೋ ಮುರಿದೆನೋ ಎಂಬ ಅಳುಕು ನನ್ನಲ್ಲಿ ಇನ್ನೂ ಉಳಿದಿದೆ.

ಪತ್ರದ ವಿಷಯ ಮತ್ತೆ ಬಂತು. "ಅವಳನ್ನೇ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕೇಳಿಸಿದರೆ?" ಎಂದರು ತಾಯಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು. ಅದಕ್ಕೆ ಇಂತಿಷ್ಟೇ ವಯಸ್ಸೆಂದು ಅಲ್ಲಿ ಹೇಳಿಲ್ಲ. ಆದರೆ ಅಮ್ಮ ಉಪವಾಸ ಮಲಗುತ್ತಾಳೆಂದು ಹೆದರಿ ಊಟದ ಬಗ್ಗೆಯೇ ಸುಳ್ಳು ಹೇಳುವ ಮಗು, ನ್ಯಾಯಾಧೀಶರು ಎಷ್ಟೇ ಪ್ರೀತಿಯಿಂದ ಕೇಳಿದರೂ ಅಮ್ಮನಿಗೆ ಬೇಕಾದ ಉತ್ತರವನ್ನೇ ಕೊಡುತ್ತದೆ, ಮತ್ತು ಆ ಉತ್ತರದ ಭಾರವನ್ನು ದೊಡ್ಡವಳಾದ ಮೇಲೂ ಹೊರುತ್ತದೆ. ಈ ಮಾತನ್ನು ಅವರಿಗೆ ನೇರವಾಗಿಯೇ ಹೇಳಿದೆ.

ತಾಯಿಯ ನೋವು ನಿಮಗೆ ಕಾಣಲಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಕಂಡಿತ್ತು. ಆದರೆ 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯ್ದೆಯ 13ನೆಯ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯವೆನ್ನುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್, ಸುಪರ್ದಿ ಸಿಗದ ಪೋಷಕರಿಗೆ ಭೇಟಿಯ ಜೊತೆಗೆ ಫೋನ್, ವಿಡಿಯೊ ಕರೆಗಳ ಮೂಲಕ ಮಗುವಿನ ಜೊತೆ ಮಾತನಾಡುವ ಅವಕಾಶವೂ ಇರಬೇಕೆಂದಿತು. ನಮ್ಮ ಹೈಕೋರ್ಟಿನ ದ್ವಿಸದಸ್ಯ ಪೀಠವಂತೂ 2013ರಲ್ಲೇ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ವರ್ಷವನ್ನೇ ಹಂಚಿಕೊಟ್ಟಿತ್ತು. ಆ ತೀರ್ಪನ್ನು ಹಿಡಿದು ನಮಗೂ ಅರ್ಧರ್ಧ ಮಾಡಿಕೊಡಿ ಎಂದು ಬರುವ ತಂದೆಯರಿಗೂ ನಾನು ಹೇಳುವುದಿದೆ. ದಿನಗಳನ್ನು ಹಂಚುವುದು ನ್ಯಾಯಾಲಯದಿಂದ ಆಗುತ್ತದೆ. ಮಗು ಚಪ್ಪಲಿ ಬಿಟ್ಟು ಒಳಗೆ ಬಂದಾಗ ಮನೆಯವರ ಮುಖ ಹೇಗಿರಬೇಕೆಂದು ಯಾವ ಆದೇಶದಲ್ಲೂ ಬರೆಯಲಾಗುವುದಿಲ್ಲ.

ಮನೆಯಲ್ಲಿ ಹಿಂಸೆ ಇದ್ದರೆ, ಮಗುವಿನ ಮೈಮೇಲೆ ಕೈಹಾಕುವವರಿದ್ದರೆ ಮಾತು ಬೇರೆ. ಆಗಲೂ ನೀವಾಗಿಯೇ ಭೇಟಿ ನಿಲ್ಲಿಸಿ ಕೂರುವ ಬದಲು ತಕ್ಷಣ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಸುಪರ್ದಿಯ ಆದೇಶಗಳನ್ನು ಪರಿಸ್ಥಿತಿ ಬದಲಾದಂತೆ ಬದಲಿಸಬಹುದೆಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ.

ತಂದೆಯನ್ನೂ ಒಮ್ಮೆ ಕರೆಸಿದೆ. ಮಗುವನ್ನು ಬಿಡುವ ಹೊತ್ತಿಗೆ, ಅವಳು ಏನು ತಿಂದಳು, ಯಾವಾಗ ತಿಂದಳು ಎಂದು ತಾಯಿಗೆ ಒಂದು ಸಾಲಿನ ಸಂದೇಶ ಕಳುಹಿಸಿ ಎಂದೆ. "ನಾನ್ಯಾಕೆ ಅವಳಿಗೆ ಲೆಕ್ಕ ಕೊಡಲಿ?" ಎಂದರು. ಈಗ ಆ ಲೆಕ್ಕವನ್ನು ನಿಮ್ಮ ಮಗಳು ಕೊಡುತ್ತಿದ್ದಾಳೆ ಎಂದೆ. ಅವರು ಹೆಚ್ಚು ಮಾತನಾಡದೆ ಹೋದರು, ಆದರೆ ಮುಂದಿನ ಶನಿವಾರದಿಂದ ಸಂದೇಶ ಬರತೊಡಗಿತು: "ನಾಲ್ಕು ಗಂಟೆಗೆ ಮೂರು ರೊಟ್ಟಿ, ಒಂದು ಲೋಟ ಹಾಲು."

ಎರಡು ತಿಂಗಳಲ್ಲಿ ಹೊಟ್ಟೆನೋವು ನಿಂತಿತು. ಕಳೆದ ಸಲ ಬಂದಾಗ ತಾಯಿ ಪತ್ರದ ಸುದ್ದಿ ಎತ್ತಲಿಲ್ಲ. ಬೇಸಿಗೆ ರಜೆಯಲ್ಲಿ ಮಗಳು ಅಷ್ಟು ದಿನ ಅಲ್ಲಿ ಇರಬೇಕಾಗಿದೆ. ರಾತ್ರಿ ಅವಳಿಗೆ ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ, ಅದನ್ನು ಅವಳ ಅಜ್ಜಿಗೆ ತಾನೇ ಫೋನ್ ಮಾಡಿ ಹೇಳಬಹುದೇ ಎಂದು ಕೇಳಿದರು. ಮಾಡಿ ಎಂದೆ.